ಗಂಗಮ್ಮನ ಹೆಸರಿಗೆ ಓಗೊಟ್ಟವಳು

ತಿಪ್ಪಕ್ಕ ದಿನವೂ ಬೆಳಿಗ್ಗೆ ಎರಡು ಹೆಸರಿಗೆ ಓಗೊಡುತ್ತಿದ್ದಳು. ಒಂದು ಅವಳದೇ ಹೆಸರು, ಇನ್ನೊಂದು ಸತ್ತವಳದು. ಹಾಜರಿಯಲ್ಲಿ ತನ್ನ ಹೆಸರು ಕೂಗಿದಾಗ ಗೇಟಿನಾಚೆಯ ರಸ್ತೆಗೂ ಕೇಳುವಂತೆ ‘ಬಂದೀನಿ’ ಎಂದು ಗದರುವವಳು, ಸತ್ತ ಗಂಗಮ್ಮನ ಸರದಿ ಬಂದಾಗ ದನಿ ತಗ್ಗಿಸಿ, ಗಂಗಮ್ಮನೇ ಹೇಳುತ್ತಿದ್ದ ಹಾಗೆ ಮೆತ್ತಗೆ ‘ಬಂದೀನಿ’ ಅನ್ನುತ್ತಿದ್ದಳು. ಚಳಿಗಾಲದ ಮಂಜಿನಲ್ಲಿ ಅದನ್ನು ಕೇಳಿಸಿಕೊಂಡು ನಿಲ್ಲುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ. ಸೆರಗು ಎಷ್ಟು ಬಿಗಿಯಾಗಿ ಹೊದ್ದುಕೊಂಡರೂ ಬೆನ್ನಿನಲ್ಲಿ ತಣ್ಣಗೆ ಏನೋ ಹರಿದಾಡುತ್ತಿತ್ತು.

ಇದು ತೊಂಬತ್ತರ ದಶಕದ ಮಾತು. ಚಿತ್ರದುರ್ಗದ ಹೊರಗೆ, ಹೊಳಲ್ಕೆರೆಗೆ ಹೋಗುವ ದಾರಿಯ ಪಕ್ಕ ಒಂದು ಹತ್ತಿ ಮಿಲ್ಲಿತ್ತು. ರೈತರು ತಂದು ಸುರಿದ ಹತ್ತಿಯನ್ನು ಯಂತ್ರದ ಬಾಯಿಗೆ ಕೊಟ್ಟು, ಬೀಜ ಬೇರೆ ಅರಳೆ ಬೇರೆ ಮಾಡುವ ಕೆಲಸ. ಆ ಯಂತ್ರಕ್ಕೆ ಜಿನ್ನು ಅನ್ನುತ್ತಿದ್ದೆವು. ದೀಪಾವಳಿ ಕಳೆದ ಮೇಲೆ ಶುರುವಾದರೆ ಬಿಸಿಲು ಬಲಿಯುವವರೆಗೆ ಜಿನ್ನು ತಿರುಗುತ್ತಿತ್ತು, ನಾವೂ ಅದರ ಮುಂದೆ ನಿಂತಿರುತ್ತಿದ್ದೆವು. ಒಳಗಿನ ಗಾಳಿಯಲ್ಲೆಲ್ಲ ಅರಳೆಯ ಧೂಳು. ಬೆಳಿಗ್ಗೆ ಕಪ್ಪು ತಲೆ ಹೊತ್ತು ಹೋದವರು ಸಂಜೆ ರೆಪ್ಪೆ, ಹುಬ್ಬು, ಮುಂಗೂದಲೆಲ್ಲ ಬೆಳ್ಳಗಾಗಿ ಮುದುಕಿಯರಾಗಿ ಹೊರಗೆ ಬರುತ್ತಿದ್ದೆವು. ಗೇಟಿನಲ್ಲಿ ಕಾವಲಿನವನು ಹತ್ತಿ ಕದ್ದಿದ್ದೇವೇನೋ ಎಂದು ನಮ್ಮ ಬುತ್ತಿ ಚೀಲಗಳನ್ನು ಬೇರೆ ತಡಕುತ್ತಿದ್ದ. ಉಳಿದವರೆಲ್ಲ ಮೈ ಕೊಡವಿಕೊಂಡು ಹೋದರೆ ತಿಪ್ಪಕ್ಕ ಮಾತ್ರ ಹಾಗೇ ನಡೆದುಬಿಡುತ್ತಿದ್ದಳು. ಮಾರಾಯ್ತಿ, ಬೀದಿ ಮಕ್ಕಳು ಹೆದರಿಕೊಳ್ಳುತ್ತವೆ ಎಂದು ನಾನು ಬೈದರೆ, “ಚೀಲದಾಗೆ ಹುಡುಕ್ತಾನೆ ಮುಂಡೇದು. ತಲೆ ಮ್ಯಾಲೆ ಹೊತ್ಕಂಡು ಹೋಗೋಳ್ನ ಕೇಳಾಕಿಲ್ಲ ನೋಡು,” ಎಂದು ನಗುತ್ತಿದ್ದಳು. ಬಿಳಿ ಹುಬ್ಬಿನ ಕೆಳಗೆ ಕಡ್ಡಿಪುಡಿಯ ಕರೆ ಹತ್ತಿದ ಹಲ್ಲು. ನನಗೇ ಒಂದೊಂದು ಸಲ ಭಯವಾಗುತ್ತಿತ್ತು.

ತಿಪ್ಪಕ್ಕನ ಊರು ಹಿರಿಯೂರಿನ ಕಡೆಯ ಯಲ್ಲದಕೆರೆ. ಗಂಡ ಯಾವುದೋ ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲವಂತೆ. ಒಬ್ಬಳೇ ಮಗಳನ್ನು ಕಟ್ಟಿಕೊಂಡು ದುರ್ಗಕ್ಕೆ ಬಂದು ನಮ್ಮ ಓಣಿಯಲ್ಲೇ ಮನೆ ಮಾಡಿದ್ದಳು. ಉದ್ದನೆಯ ಒಣಕಲು ಆಳು, ಭುಜ ಮಾತ್ರ ಗಂಡಸರ ಹಾಗೆ. ಯಾರನ್ನೂ ಓಲೈಸುವವಳಲ್ಲ. ನನ್ನನ್ನು ಮಿಲ್ಲಿಗೆ ಸೇರಿಸಿದವಳೂ ಅವಳೇ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಬೈಸಿಕೊಳ್ಳುತ್ತ ಕೂತಿದ್ದ ನನ್ನನ್ನು ಎಳೆದುಕೊಂಡು ಹೋಗಿ ಮೇಸ್ತ್ರಿಯ ಮುಂದೆ ನಿಲ್ಲಿಸಿ, ಇವಳ ಹೆಸರೂ ಸೇರಿಸಿಕೋ ಎಂದಳು.

ಸೇರಿಸಿಕೋ ಎಂದರೆ ಯಾವ ಪುಸ್ತಕಕ್ಕೂ ಅಲ್ಲ. ಆ ಮಿಲ್ಲಿನಲ್ಲಿ ಹೆಂಗಸರ ಹಾಜರಿ ಎಂದರೆ ಮೇಸ್ತ್ರಿ ಈರಣ್ಣನ ಬಾಯಿ. ಅವನಿಗೆ ಓದು ಬರಹ ಬಾರದು. ಬೆಳಿಗ್ಗೆ ಗೇಟಿನ ಒಳಗೆ ನಿಂತು ನಮ್ಮೆಲ್ಲರ ಹೆಸರನ್ನು ರಾಗವಾಗಿ ಕೂಗುತ್ತಿದ್ದ. ಚಂದ್ರಮ್ಮ, ಚೌಡಮ್ಮ, ಕೆಂಚಮ್ಮ, ಗಂಗಮ್ಮ, ಮಾರಕ್ಕ, ಮಲ್ಲಕ್ಕ, ತಿಪ್ಪಕ್ಕ... ಹೀಗೆ ಅದೊಂದು ಹಾಡುವ ಪದದ ಹಾಗೆ ಹರಿದು ಹೋಗುತ್ತಿತ್ತು. ಹೆಸರು ಬಂದವಳು ‘ಬಂದೀನಿ’ ಎಂದು ಒಳಗೆ ಕಾಲಿಡಬೇಕು. ಬಾರದವಳು ಬುತ್ತಿ ಹಿಡಿದುಕೊಂಡು ಮನೆಗೆ ಹೋಗಬೇಕು. ಹಿಂದಿನ ದಿನ ಕೂಲಿಯ ಬಗ್ಗೆ ಬಾಯಿ ಮಾಡಿದವಳ ಹೆಸರು ಮರುದಿನ ಪದದಲ್ಲಿ ಇರುತ್ತಿರಲಿಲ್ಲ, ಆ ಜಾಗಕ್ಕೆ ಅಷ್ಟೇ ಉದ್ದದ ಇನ್ನೊಂದು ಹೆಸರು ಬಂದು ಕೂತಿರುತ್ತಿತ್ತು. ನಮಗೆ ಕಾರ್ಡಿಲ್ಲ, ಬಿಲ್ಲೆಯಿಲ್ಲ, ಎಲ್ಲೂ ರುಜುವಿಲ್ಲ. ನಾವು ಆ ಮಿಲ್ಲಿನವರು ಎನ್ನುವುದಕ್ಕೆ ಈರಣ್ಣನ ನಾಲಿಗೆಯೊಂದೇ ಆಧಾರ.

ಗಂಗಮ್ಮ ಸಣ್ಣ ಆಳು, ಸಣ್ಣ ದನಿ. ಹೊಸದುರ್ಗದ ಕಡೆ ಶ್ರೀರಾಂಪುರದವಳು. ಸಣ್ಣ ಹೆಣ್ಣುಮಗುವನ್ನು ತಾಯಿಯ ಹತ್ತಿರ ಬಿಟ್ಟು ಇಲ್ಲಿ ದುಡಿಯುತ್ತಿದ್ದಳು. ಜಿನ್ನುಗಳ ಹಿಂದೆ ಉದ್ದಕ್ಕೂ ಒಂದು ಬೆಲ್ಟು ಓಡುತ್ತಿತ್ತು, ಅದಕ್ಕೆ ಜಾಲರಿ ಹಾಕಿಸಿ ಎಂದು ಎಷ್ಟೋ ಜನ ಹೇಳಿ ಹೆಸರು ಕಳೆದುಕೊಂಡಿದ್ದರು. ಒಂದು ಮಧ್ಯಾಹ್ನ ಅದು ಗಂಗಮ್ಮನ ಸೆರಗನ್ನು ಹಿಡಿಯಿತು. ಆಮೇಲೆ ನೋಡಿದ್ದನ್ನು ನಾನು ಬರೆಯುವುದಿಲ್ಲ. ಆ ದಿನದ ಅರಳೆಯನ್ನೂ ಹಾಗೇ ಒತ್ತಿ ದೊಡ್ಡ ಮೂಟೆಗಳಾಗಿ ಅಂಡಿಗೆ ಕಟ್ಟಿ ಲಾರಿಗೆ ಹಾಕಿದರು ಎಂಬುದನ್ನು ಮಾತ್ರ ಹೇಳುತ್ತೇನೆ. ಯಾವ ಊರಿನ ಯಾರ ಹಾಸಿಗೆಗೆ ಅದು ಸೇರಿತೋ ಶಿವನೇ ಬಲ್ಲ.

ಗಂಗಮ್ಮನ ತಾಯಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಮಿಲ್ಲಿನ ಸಾಹುಕಾರರು ಆಫೀಸಿನ ಕಿಟಕಿಯಿಂದಲೇ ಮಾತಾಡಿದರು. ಆ ಹೆಸರಿನವಳು ಯಾರೂ ತಮ್ಮಲ್ಲಿ ಕೆಲಸಕ್ಕೆ ಇರಲಿಲ್ಲ, ಬಿದ್ದ ಹತ್ತಿ ಆಯಲು ಕದ್ದು ಒಳಗೆ ಬಂದಿರಬೇಕು ಎಂದರು. ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡುಬಿಟ್ಟರು. ಈರಣ್ಣ ಪಕ್ಕದಲ್ಲೇ ನಿಂತಿದ್ದ, ನೆಲ ನೋಡುತ್ತಿದ್ದ. ಆ ತಾಯಿ ನಮ್ಮೆಲ್ಲರ ಮುಖ ನೋಡಿದಳು. ನಾವು ಯಾರೂ ಬಾಯಿ ಬಿಡಲಿಲ್ಲ, ಬಿಟ್ಟರೆ ನಾಳೆ ನಮ್ಮ ಹೆಸರಿಲ್ಲ. ಅವಳು ಹೋದ ಮೇಲೆ ತಿಪ್ಪಕ್ಕ ನಮ್ಮ ಕಡೆ ತಿರುಗಿ ಹೇಳಿದಳು: “ಅವ್ಳು ಇಲ್ಲಿ ಇರ್ಲೇ ಇಲ್ಲ ಅಂದ್ರೆ ನಾವೂ ಇಲ್ಲ ಕಣ್ರೇ. ನಾವೂ ಈಗ್ಲೇ ಸತ್ತಂಗೇ ಲೆಕ್ಕ.”

ಮರುದಿನ ಬೆಳಿಗ್ಗೆ ಈರಣ್ಣ ಗಂಗಮ್ಮನ ಜಾಗಕ್ಕೆ ಹೊಸಬಳೊಬ್ಬಳ ಹೆಸರು ಕೂಗಿದ. ಆ ಹುಡುಗಿ, ಆ ಜಾಗದಲ್ಲಿ ನನ್ನ ಹೆಸರು ಕೂಗಬೇಡಿ ಎಂದು ಅತ್ತು ಓಡಿಯೇ ಹೋದಳು. ಇನ್ನೊಬ್ಬಳೂ ಒಲ್ಲೆ ಎಂದಳು. ಕೊನೆಗೆ ಈರಣ್ಣ ಆ ಜಾಗವನ್ನು ಖಾಲಿ ಬಿಟ್ಟ. ಆದರೆ ವರ್ಷಗಟ್ಟಲೆ ಕೂಗಿದ ಪದ, ಸುಮ್ಮನೆ ಮುಚ್ಚಿಕೊಳ್ಳುತ್ತದೆಯೇ? ‘ಚಂದ್ರಮ್ಮ, ಚೌಡಮ್ಮ, ಕೆಂಚಮ್ಮ’ ಎಂದವನ ನಾಲಿಗೆ ಅಲ್ಲಿ ಗಕ್ಕನೆ ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಮೌನ. ಆ ಮೌನದೊಳಗೆ ತಿಪ್ಪಕ್ಕ ‘ಬಂದೀನಿ’ ಎಂದಳು.

ಕೆಲವರು ಅವಳನ್ನು ಬಾಯಿಗೆ ಬಂದಂತೆ ಬೈದರು. ಸತ್ತವರ ಹೆಸರಿಗೆ ಓಗೊಟ್ಟರೆ ಅವರು ಕರೆದುಕೊಂಡು ಹೋಗುತ್ತಾರೆ ಎಂದು ಮಲ್ಲಕ್ಕ ಅವಳ ಕಾಲಿಗೇ ಬಿದ್ದಳು. ತಿಪ್ಪಕ್ಕ ಕೇಳಲಿಲ್ಲ. ಮರುದಿನವೂ ಹೇಳಿದಳು, ಅದರ ಮರುದಿನವೂ. ದಿನ ಕಳೆದಂತೆ ಬೈಗುಳ ನಿಂತಿತು. ಆ ಜಾಗ ಬಂದಾಗ ನಾವೆಲ್ಲ ತಲೆ ತಗ್ಗಿಸಿ ಕಾಯುವುದು ರೂಢಿಯಾಯಿತು. ಈರಣ್ಣನಿಗೆ ಮಾತ್ರ ಚಳಿಯಲ್ಲೂ ಬೆವರು ಕಿತ್ತುಕೊಂಡು ಬರುತ್ತಿತ್ತು.

ಗಂಗಮ್ಮನ ಜಿನ್ನಿನ ಮುಂದೆ ನಿಲ್ಲಲು ಯಾರೂ ಒಪ್ಪದೆ ಹೋದಾಗ ತಿಪ್ಪಕ್ಕನೇ ಹೋಗಿ ನಿಂತಳು. ಸೀರೆಯನ್ನು ಗಂಡುಕಚ್ಚೆ ಹಾಕಿ ಬಿಗಿದುಕೊಂಡಳು. ಕರೆಂಟು ಹೋದಾಗ ಎಲ್ಲ ಜಿನ್ನುಗಳೂ ನಿಂತರೆ ಅದೊಂದು ಮಾತ್ರ ಇನ್ನೂ ಅರ್ಧ ಸುತ್ತು ತಿರುಗುತ್ತಿತ್ತು. ಅದರ ಬೇರಿಂಗ್ ಸಡಿಲವಿದೆ ಎಂದು ಫಿಟ್ಟರ್ ಹೇಳಿದ್ದ, ಇರಬಹುದು. ಆದರೆ ಆ ಅರ್ಧ ಸುತ್ತಿನಲ್ಲಿ ಬಳೆಯ ಸದ್ದು ಕೇಳಿತು ಎಂದು ಒಬ್ಬಳು ಹೇಳಿದ ಮೇಲೆ ನಮಗೆಲ್ಲರಿಗೂ ಕೇಳತೊಡಗಿತು. ತಿಪ್ಪಕ್ಕ ಮಧ್ಯಾಹ್ನ ತನ್ನ ಮುದ್ದೆಯಲ್ಲಿ ಒಂದು ತುತ್ತು ಮುರಿದು ಜಿನ್ನಿನ ಹಲಗೆಯ ಮೇಲೆ ಇಡುತ್ತಿದ್ದಳು. ನಾವು ಕೈ ತೊಳೆದು ಬರುವಷ್ಟರಲ್ಲಿ ಅದು ಇರುತ್ತಿರಲಿಲ್ಲ. ಇಲಿ ತಿಂದಿರುತ್ತೆ ಬಿಡು, ಹತ್ತಿ ಮಿಲ್ಲಿನಲ್ಲಿ ಇಲಿಗೇನು ಬರ ಎಂದೆ. ಇಲಿ ಅಲ್ಲ ಅಂತ ನಾನೇನಾದರೂ ಅಂದೆನಾ ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಅವಳಿಂದ ಅದಕ್ಕಿಂತ ಹೆಚ್ಚು ಹೊರಡಿಸಲು ಆಗಲಿಲ್ಲ.

ಆಗಲೇ ಊರೂರಿನಲ್ಲಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ ಜನ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲ. ನಮ್ಮ ಕಾವಲಿನವನೂ ಮಿಲ್ಲಿನ ಗೇಟಿನ ಮೇಲೆ ಸುಣ್ಣದಲ್ಲಿ ಬರೆದ. ನಾನು ಓದಿ ಹೇಳಿದಾಗ ತಿಪ್ಪಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂಲಿ ಕೇಳಿದಾಗಲೆಲ್ಲ ಸಾಹುಕಾರರು ನಮಗೆ ಹೇಳುವ ಮಾತನ್ನೇ ಈಗ ದೆವ್ವಕ್ಕೂ ಹೇಳುತ್ತಿದ್ದಾರೆ ಎಂದಳು.

ದಾವಣಗೆರೆಯ ಹಳೆಯ ಬಟ್ಟೆ ಮಿಲ್ಲೊಂದರಲ್ಲಿ ದುಡಿದು ನಿವೃತ್ತರಾದ ನಾಗಪ್ಪ ಎಂಬವರು ಆ ದಿನಗಳಲ್ಲಿ ನಮ್ಮ ಓಣಿಗೆ ಬಂದರು. ತಿಪ್ಪಕ್ಕನೇ ಹುಡುಕಿಕೊಂಡು ಹೋಗಿ ಕರೆತಂದಿದ್ದಳು. ಭಾನುವಾರ ನಮ್ಮನ್ನೆಲ್ಲ ಓಣಿಯ ಹೊಂಗೆಮರದ ಕೆಳಗೆ ಕೂರಿಸಿ ನಿಧಾನವಾಗಿ ತಿಳಿಸಿ ಹೇಳಿದರು. ಏಳು ಜನ ಸಹಿ ಹಾಕಿದರೆ ಸಂಘವನ್ನು ರಿಜಿಸ್ಟರು ಮಾಡಿಸಬಹುದು. ಆಮೇಲೆ ಅರ್ಜಿ ಹೋಗುವುದು ಯಾರೋ ಒಬ್ಬಳ ಹೆಸರಿನಲ್ಲಲ್ಲ, ಸಂಘದ ಹೆಸರಿನಲ್ಲಿ. ಒಬ್ಬಳ ಹೆಸರನ್ನು ಮೇಸ್ತ್ರಿ ಬಿಡಬಹುದು, ಎಲ್ಲರ ಹೆಸರನ್ನೂ ಬಿಟ್ಟರೆ ಜಿನ್ನಿಗೆ ಹತ್ತಿ ಕೊಡುವವರು ಯಾರು? ನಾವು ಹೂಂಗುಟ್ಟಿದೆವು, ಸಹಿಗೆ ಮಾತ್ರ ಯಾರೂ ಕೈ ಚಾಚಲಿಲ್ಲ. ತಿಪ್ಪಕ್ಕ ಎದ್ದು ನಿಂತಳು. “ಒಬ್ಳೇ ಹೋಗಿ ಕೈ ಒಡ್ಡಿದ್ರೆ ತಿರ್ಕೆ ಬೇಡ್ದಂಗೆ ಕಾಣ್ತತೆ. ಎಲ್ರೂ ಹೋಗಿ ನಿಂತ್ರೆ ಅದೇ ಮಾತು ಕೇಳಾ ರೀತೀನೇ ಬ್ಯಾರೆ. ಗಂಗಿ ದಿನಾ ಬಂದು ನಿಂತ್ಕಂತಾಳೆ. ಉಸ್ರಿರೋ ನಿಮ್ಗೆ ಏನಾಗೈತೆ?” ಆದರೂ ಅವತ್ತು ಹೆಬ್ಬೆಟ್ಟು ಒತ್ತಿದವಳು ಅವಳೊಬ್ಬಳೇ, ಸಹಿ ಹಾಕಿದವಳು ನಾನೊಬ್ಬಳೇ.

ಉಳಿದವರ ಭಯ ಬಿಡಿಸಿದವರು ಸಾಕ್ಷಾತ್ ಸಾಹುಕಾರರೇ. ತಿಪ್ಪಕ್ಕನನ್ನು ಬಿಟ್ಟರೆ ಬೇರೆ ಹೆಂಗಸರು ಆ ಜಿನ್ನಿನ ಹತ್ತಿರ ಸುಳಿಯುತ್ತಿಲ್ಲ, ಕೆಲಸ ಕುಂಟುತ್ತಿದೆ ಎಂದು ಧರ್ಮಪುರದ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಆತ ಜಿನ್ನಿನ ಮುಂದೆ ರಂಗೋಲಿ ಬರೆದು, ನಿಂಬೆಹಣ್ಣು, ಕುಂಕುಮ, ಕಾಲು ಕಟ್ಟಿದ ಕೋಳಿ ಎಲ್ಲ ಇಟ್ಟುಕೊಂಡು ಕೂತ. ನಾವೆಲ್ಲ ಅರಳೆಯ ರಾಶಿಯ ಪಕ್ಕ ನಿಂತಿದ್ದೆವು. ಯಂತ್ರಗಳೆಲ್ಲ ನಿಂತು, ಆ ದೊಡ್ಡ ಷೆಡ್ಡಿನಲ್ಲಿ ಪಾರಿವಾಳ ರೆಕ್ಕೆ ಬಡಿದರೂ ಕೇಳುತ್ತಿತ್ತು. ಆತ ಅರ್ಧ ತೆಲುಗಿನಲ್ಲಿ ಕೇಳಿದ: “ಪೇರು ಚೆಪ್ಪಂಡಿ ಸಾಮಿ. ಸತ್ತೋಳ ಹೆಸ್ರು ಏನು, ಈ ಜಾಗಕ್ಕೂ ಅವ್ಳಿಗೂ ಏನು ಸಂಬಂಧ?”

ಸಾಹುಕಾರರು ಯಾರೋ ಒಬ್ಬಳು ಎಂದರು. ಹಾಗೆಲ್ಲ ಆಗುವುದಿಲ್ಲ, ಹೆಸರು ಹಿಡಿದು ಕರೆದರೆ ಮಾತ್ರ ಕಟ್ಟುವುದಕ್ಕಾಗುತ್ತದೆ ಎಂದ ಆತ. ಸಾಹುಕಾರರ ಮುಖ ನೋಡಬೇಕಿತ್ತು. ಹೇಳಿದರೆ ಗಂಗಮ್ಮ ಇಲ್ಲಿದ್ದಳು ಎಂದು ಎಲ್ಲರ ಮುಂದೆ ಒಪ್ಪಿದ ಹಾಗೆ, ಹೇಳದಿದ್ದರೆ ದೆವ್ವ ಹೋಗುವುದಿಲ್ಲ. ಅವರು ಈರಣ್ಣನ ಕಡೆ ನೋಡಿದರು. ತಿಪ್ಪಕ್ಕ ಒಂದು ಹೆಜ್ಜೆ ಮುಂದೆ ಬಂದು ಬಹಳ ಮರ್ಯಾದೆಯಿಂದ ಕೇಳಿದಳು: “ಹೇಳ್ರಿ ಸಾವ್ಕಾರ್ರೆ. ಒಂದು ಹೆಸ್ರು ಹೇಳ್ರಿ ಸಾಕು. ಅವ್ಳೂ ಹೋಗ್ತಾಳೆ, ನಾವೂ ಸುಮ್ಕಾಗ್ತೀವಿ.” ಸಾಹುಕಾರರು ತಿರುಗಿ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮಂತ್ರವಾದಿ, ಹೆಸರೇ ಇಲ್ಲ ಅಂದರೆ ನಾನು ಯಾರನ್ನು ಓಡಿಸಲಿ ಎಂದು ಗೊಣಗುತ್ತ ಗಂಟು ಕಟ್ಟಿದ. ಕೋಳಿಯನ್ನು ಮಾತ್ರ ಬಿಟ್ಟು ಹೋಗಲಿಲ್ಲ.

ಮುಂದಿನ ಭಾನುವಾರ ಹೊಂಗೆಮರದ ಕೆಳಗೆ ಏಳಲ್ಲ, ಅದರ ಎಷ್ಟೋ ಪಟ್ಟು ಜನ ಸಾಲು ನಿಂತರು. ಅಷ್ಟು ದೊಡ್ಡ ಸಾಹುಕಾರರು ಒಂದು ಕೂಲಿ ಹೆಂಗಸಿನ ಹೆಸರಿಗೆ ಹೆದರಿದ್ದನ್ನು ಕಣ್ಣಾರೆ ನೋಡಿದ್ದರಲ್ಲ. ತಿಪ್ಪಕ್ಕ ಅಧ್ಯಕ್ಷೆ. ಅಕ್ಷರ ಬರುತ್ತದೆ ಎಂಬ ತಪ್ಪಿಗೆ ನಾನು ಕಾರ್ಯದರ್ಶಿ. ಸಂಘದಿಂದ ಹೋದ ಮೊದಲ ಅರ್ಜಿ ಕೂಲಿಯದಲ್ಲ, ಗಂಗಮ್ಮನದು. ಅವಳು ಈ ಮಿಲ್ಲಿನ ಕೆಲಸಗಾರ್ತಿ ಎಂದು ಒಪ್ಪಬೇಕು, ಅವಳ ಮಗುವಿಗೆ ಪರಿಹಾರ ಕೊಡಬೇಕು ಎಂದು. ನಮ್ಮ ಕೂಲಿಯನ್ನು ಮೊದಲು ಬರೆಯೋಣ ಎಂದವರಿಗೆ ತಿಪ್ಪಕ್ಕ, ಸತ್ತವಳನ್ನೇ ಬಿಟ್ಟುಕೊಡುವ ಸಂಘ ಬದುಕಿರುವವರನ್ನು ಏನು ಕಾಯುತ್ತದೆ ಎಂದು ಕೇಳಿ ಬಾಯಿ ಮುಚ್ಚಿಸಿದಳು.

ಅರ್ಜಿಯ ವಿಚಾರಣೆಗೆ ಲೇಬರ್ ಆಫೀಸರು ಬಂದರು. ಕಾಗದ ಪತ್ರ ಏನೂ ಇಲ್ಲದಿರುವುದರಿಂದ ಇಲ್ಲಿ ಹಾಜರಿ ಹೇಗೆ ಹಿಡಿಯುತ್ತಾರೆಂದು ನೋಡುತ್ತೇನೆ ಎಂದು ಬೆಳಿಗ್ಗೆಯೇ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಸಾಹುಕಾರರು. ಈರಣ್ಣನಿಗೆ ಚೆನ್ನಾಗಿ ಪಾಠ ಆಗಿದ್ದಿರಬೇಕು: ತೊದಲಬೇಡ, ನಿಲ್ಲಿಸಬೇಡ, ಕೆಂಚಮ್ಮನಿಂದ ನೇರ ಮಾರಕ್ಕನಿಗೆ ಹೋಗು. ಅವತ್ತು ಬಿದ್ದಂಥ ಮಂಜನ್ನು ನಾನು ದುರ್ಗದಲ್ಲಿ ಮತ್ತೆ ನೋಡಲಿಲ್ಲ. ಬೆಟ್ಟ ಕಾಣುತ್ತಿರಲಿಲ್ಲ, ರಸ್ತೆ ಕಾಣುತ್ತಿರಲಿಲ್ಲ, ಪಕ್ಕದವಳು ಬರೀ ಸೀರೆಯ ಬಣ್ಣವಾಗಿ ಕಾಣುತ್ತಿದ್ದಳು. ತಿಪ್ಪಕ್ಕ ಮುಂದೆ ಆಫೀಸರ ಹತ್ತಿರ ನಿಂತಿದ್ದಳು. ನಾನು ಹಿಂದೆ ಗೋಡೆಗೆ ಒರಗಿದ್ದೆ.

ಈರಣ್ಣ ಶುರು ಮಾಡಿದ. ಎಲ್ಲಿ ತೊದಲಿಬಿಡುತ್ತೇನೋ ಎಂಬ ಭಯಕ್ಕೆ ಕಣ್ಣು ಮುಚ್ಚಿಕೊಂಡು, ಹಿಂದಿನ ಕಾಲದ ಹಾಗೆ ರಾಗ ಎತ್ತಿ ಒಂದೇ ಉಸಿರಿಗೆ ಕೂಗತೊಡಗಿದ. ಅದೇ ಅವನಿಗೆ ಮುಳುವಾಯಿತು. ಕಣ್ಣು ಮುಚ್ಚಿದ ಮೇಲೆ ನಾಲಿಗೆ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಚಂದ್ರಮ್ಮ, ಚೌಡಮ್ಮ, ಕೆಂಚಮ್ಮ, ಗಂಗಮ್ಮ.

“ಬಂದೀನಿ.”

ಮೆತ್ತಗೆ, ಸ್ಪಷ್ಟವಾಗಿ ಬಂತು. ಈರಣ್ಣ ಕಣ್ಣು ತೆರೆದ. ಆಫೀಸರು ತಲೆಯೆತ್ತಿ, ಯಾರಮ್ಮ ಗಂಗಮ್ಮ, ಮುಂದೆ ಬನ್ನಿ ಎಂದರು. ಯಾರೂ ಅಲುಗಲಿಲ್ಲ. ಅವರು ಮತ್ತೆ ಕರೆದರು, ಈಗ ಓಗೊಟ್ಟರಲ್ಲ, ಬನ್ನಿ ಎಂದು. ಮಂಜಿನೊಳಗೆ ಸೀರೆಗಳ ಸಾಲು ಹಾಗೇ ನಿಂತಿತ್ತು. ಈರಣ್ಣ ನೆಲಕ್ಕೆ ಕುಸಿದು ಕೂತ. ಅಳುತ್ತ ಕೈ ಮುಗಿದ. “ಸತ್ತೋದ್ಲು ಸಾಮಿ. ಇಲ್ಲೇ ಸತ್ತಿದ್ದು. ನಾನೇ ದಿನಾ ಕೂಗ್ತಿದ್ದೆ, ಈ ಬಾಯಾಗೇ ಕೂಗ್ತಿದ್ದೆ. ನನ್ನ ಬಿಟ್ಬಿಡು ಅಂತ ಅವ್ಳಿಗೆ ಹೇಳ್ರಿ.” ಆಫೀಸರು ಅವನಿಗೆ ನೀರು ಕುಡಿಸಿ, ಹೇಳಿದ್ದನ್ನೆಲ್ಲ ಬರೆದುಕೊಂಡರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಗಂಗಮ್ಮನ ಮಗುವಿಗೆ ಪರಿಹಾರ ಬಂತು, ಅವಳು ಈ ಮಿಲ್ಲಿನ ಕೆಲಸಗಾರ್ತಿಯೇ ಎಂಬ ಆದೇಶದೊಂದಿಗೆ. ಬೆಲ್ಟಿಗೆ ಜಾಲರಿ ಬಂತು. ನಮ್ಮೆಲ್ಲರ ಕೈಗೆ ಹೆಸರು ಬರೆದ ಹಾಜರಿ ಕಾರ್ಡು ಬಂತು. ತನ್ನ ಕಾರ್ಡನ್ನು ತಿಪ್ಪಕ್ಕ ಓದಲು ಬಾರದಿದ್ದರೂ ಎಷ್ಟು ಹೊತ್ತು ನೋಡಿದಳೋ. ಈರಣ್ಣ ಸಂಘಕ್ಕೆ ಸೇರಿದ, ಸಭೆಗೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದ. ತಿಪ್ಪಕ್ಕನ ಸಭೆ ಎಂದರೆ ಒಂದು ಕಟ್ಟಳೆ: ಎಲ್ಲರೂ ಒಮ್ಮೊಮ್ಮೆ ಮಾತಾಡುವವರೆಗೆ ಯಾರೂ ಎರಡನೇ ಸಲ ಬಾಯಿ ತೆರೆಯುವ ಹಾಗಿಲ್ಲ. ವಾಚಾಳಿಯಾದ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಅವಳು ಗಂಗಮ್ಮನ ಹೆಸರಿಗೆ ಓಗೊಡುವುದನ್ನೂ, ಜಿನ್ನಿನ ಮೇಲೆ ತುತ್ತು ಇಡುವುದನ್ನೂ ಆ ಬೆಳಗಿನಿಂದಲೇ ಬಿಟ್ಟಳು. ಯಾಕೆಂದು ನಾನು ಕೇಳಲಿಲ್ಲ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಮಿಲ್ಲು ಮುಚ್ಚಿತು. ಸಂಘವಿದ್ದುದರಿಂದ ಯಾರೂ ಬರಿಗೈಯಲ್ಲಿ ಹೋಗಲಿಲ್ಲ, ಆದರೆ ಎಲ್ಲರೂ ಚೆಲ್ಲಾಪಿಲ್ಲಿಯಾದೆವು. ತಿಪ್ಪಕ್ಕ ಯಲ್ಲದಕೆರೆಗೆ ಮಗಳ ಮನೆಗೆ ಹೋದಳು. ಕೆಮ್ಮು ಜೋರಾಗಿದೆಯಂತೆ ಎಂದು ಕೇಳಿ ನಾನು ಬಸ್ಸು ಹಿಡಿದು ನೋಡಲು ಹೋದೆ. ಅದೇ ಕೊನೆಯ ಭೇಟಿ.

ಹಟ್ಟಿಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ವರ್ಷಗಟ್ಟಲೆ ನುಂಗಿದ ಅರಳೆಯ ಧೂಳು ಎದೆಯೊಳಗೆ ಕೂತುಬಿಟ್ಟಿತ್ತು. ಒಂದು ಮಾತಿಗೆ ಎರಡು ಸಲ ಉಸಿರೆಳೆದುಕೊಳ್ಳಬೇಕು. ಆ ಗದರುವ ದನಿ ಎಲ್ಲಿ ಹೋಯಿತೋ ಎಂದು ನನ್ನ ಕಣ್ಣು ತುಂಬಿ ಬಂತು. ಅಳ್ಬ್ಯಾಡ ಸಾರದಾ, ಕುಂತ್ಕ ಎಂದು ಪಕ್ಕದಲ್ಲಿ ಜಾಗ ತೋರಿಸಿದಳು. ಈರಣ್ಣ ತೀರಿಕೊಂಡದ್ದು, ಗಂಗಮ್ಮನ ಮಗಳು ಶ್ರೀರಾಂಪುರದಲ್ಲಿ ಹೈಸ್ಕೂಲು ಮುಗಿಸಿದ್ದು ಎಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡಳು.

“ನಿನ್ನ ಒಂದು ಮಾತು ಕೇಳ್ಬೇಕು ಅಂತ ಇಷ್ಟು ದಿನ ಇಟ್ಕಂಡಿದ್ದೆ. ಅವತ್ತು ಆಫೀಸರ್ ಮುಂದೆ ಓಗೊಟ್ಟೋಳು ನೀನೇ ಅಲ್ವೇನೆ?”

ನನಗೆ ಮೊದಲು ಅರ್ಥವಾಗಲಿಲ್ಲ. ಓಗೊಟ್ಟವಳು ನೀನಲ್ಲವಾ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಆ ಹೆಸರು ಈರಣ್ಣನ ಬಾಯಿಂದ ನಿಜವಾಗಿ ಬಂದುಬಿಟ್ಟಾಗ ಬಾಯಿ ತೆರೆದರೂ ಉಸಿರು ಹೊರಡಲಿಲ್ಲ ಎಂದಳು. ದನಿ ಹಿಂದಿನಿಂದ ಬಂತು, ಗೋಡೆಯ ಕಡೆಯಿಂದ. ಅಲ್ಲಿ ನಿಂತಿದ್ದವಳು ನಾನು. ಕೊನೆಗೂ ನಾನೇ ಧೈರ್ಯ ಮಾಡಿದೆನೆಂದು ಅವಳು ಇಷ್ಟು ವರ್ಷ ಮನಸ್ಸಿನಲ್ಲೇ ನನ್ನನ್ನು ಹೊಗಳುತ್ತಿದ್ದಳಂತೆ.

“ನಾನಲ್ಲ ತಿಪ್ಪಕ್ಕ,” ಎಂದೆ.

ನಾನು ಅವಳ ಎದೆಯೊಳಗಿನ ಸುಯ್ಯೆನ್ನುವ ಸದ್ದನ್ನು ಕೇಳುತ್ತ ಕೂತಿದ್ದೆ. ಹೆದರಿಕೊಂಡಳೇನೋ ಎಂದು ಮುಖ ನೋಡಿದರೆ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ದಿನಾ ಅವ್ಳ ಬದ್ಲಿಗೆ ಹೇಳ್ತಿದ್ನೇ ಹೊರ್ತು, ಒಂದಿನಾನೂ ನನ್ಗೆ ಅವ್ಳು ಕಂಡಿರ್ಲಿಲ್ಲ ಕಣೆ,” ಎಂದಳು. “ಹಂಗಾದ್ರೆ ನಾವು ಕರ್ದಿದ್ದು ಅವ್ಳಿಗೆ ಕೇಳಿಸ್ತು ಬಿಡು.”